ಒಂದೇ ಪುಟ ಓದಿದವನು

"ಈ ಪೋಸ್ಟರ್ ಮಾಡಿದ್ದು ಯಾರು?"

ಪಕ್ಷದ ಕಚೇರಿಯ ಬಾಗಿಲಲ್ಲಿ ನಿಂತ ನರ್ಸ್ ಕೂಗಿದ ರಭಸಕ್ಕೆ, ಕಂಪ್ಯೂಟರ್ ಮುಂದಿದ್ದವನ ಕೈಯ ಚಹಾ ತುಳುಕಿತು.

"ನಾನೇ. ಯಾಕೆ?"

ಅವಳು ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದಳು. 'ಹೊಸ ಖರ್ಚಿನ ಮಸೂದೆ: ಉಚಿತ ಡಯಾಲಿಸಿಸ್ ಬಂದ್!'

"ಸುಳ್ಳೇನಿಲ್ಲ ಮೇಡಂ. ಹನ್ನೆರಡನೇ ಪುಟದಲ್ಲಿ ಆ ಸಾಲನ್ನೇ ತೆಗೆದುಹಾಕಿದಾರೆ!"

"ಹದಿನೇಳನೇ ಪುಟ ಓದಿದ್ರಾ? ಅದೇ ಸಾಲನ್ನ ಅಲ್ಲಿ ಜಿಲ್ಲಾ ಆಸ್ಪತ್ರೆಗಳ ಪಟ್ಟಿಗೆ ಸೇರಿಸಿದಾರೆ. ಒಂದು ಕಾಸೂ ಕಮ್ಮಿ ಆಗಿಲ್ಲ!"

ಅವನ ಮುಖ ಬಿಳಿಚಿಕೊಂಡಿತು. ನಾಯಕರು ಕಳಿಸಿದ್ದು ಒಂದೇ ಪುಟದ ಫೋಟೊ. ಈ ಮಹಾಶಯ ಓದಿದ್ದೂ ಅಷ್ಟೇ.

"ನನ್ನ ವಾರ್ಡಿನ ಐದು ಜನ ಬರೋದೇ ಬಿಟ್ಟಿದಾರೆ. ಟೈಲರ್ ಅಜ್ಜ ಆಗಲೇ ಎರಡು ಸಲ ತಪ್ಪಿಸಿದ್ರು. ಇನ್ನೊಂದು ತಪ್ಪಿದ್ರೆ ಉಳಿಯಲ್ಲ!"

"ನೀವೇ ಹೇಳಬಹುದಲ್ಲ..."

"ಹೇಳಿದೆ ರೀ! 'ಸರ್ಕಾರದ ಸಂಬಳ ತಗೊಳ್ಳೋಳು ನೀನು, ಇನ್ನೇನು ಹೇಳ್ತೀಯ ಮಗಳೇ' ಅಂದ್ರು. ಅವರೆಲ್ಲ ನಿಮ್ಮ ಪಕ್ಷದವರು. ನೀವು ಹೇಳಿದ್ರೆ ನಂಬ್ತಾರೆ. ಬನ್ನಿ!"

ಅವನು ತಲೆ ತಗ್ಗಿಸಿದ. "ನಾಯಕರನ್ನ ಒಂದು ಮಾತು ಕೇಳಿ... ನಾಳೆ ಬರ್ತೀನಿ."

ನಾಳೆಯಂತೆ! ಐದು ವಿಳಾಸಗಳ ಚೀಟಿಯನ್ನು ಮೇಜಿನ ಮೇಲೆ ಬಿಸಾಡಿ ಅವಳು ಹೊರಟುಬಿಟ್ಟಳು.

ಸಂಜೆ ಪೋಸ್ಟರ್ ಮಾಯವಾಗಿತ್ತು. ತಪ್ಪಾಯಿತು ಎಂಬ ಒಂದು ಮಾತೂ ಅವಳಿಗೆ ಕಾಣಲಿಲ್ಲ. 'ಮುಚ್ಚಿಹಾಕಿದ, ಹೇಡಿ...' ಅಂದುಕೊಂಡಳು. ಆದರೂ ಆ ಬಿಳಿಚಿದ ಮುಖ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ತನ್ನ ಮೇಲೇ ಸಿಟ್ಟು ಬಂತು ಅವಳಿಗೆ.

ಮರುದಿನ ಬೆಳಿಗ್ಗೆ ವಾರ್ಡಿನ ಮುಂದೆ ಒಂದು ವ್ಯಾನ್ ನಿಂತಿತು. ನಾಲ್ವರು ರೋಗಿಗಳನ್ನು ಕೈಹಿಡಿದು ಇಳಿಸಿದವನು ಅವನೇ. ಅವನ ತುಟಿ ಒಡೆದಿತ್ತು.

"ರಾತ್ರಿ ಇವನು ನಮ್ಮ ಪಕ್ಷದ ವಾಟ್ಸಾಪ್ ಗುಂಪಿಗೆಲ್ಲ ವಿಡಿಯೊ ಹಾಕಿದ್ನಮ್ಮ, ತಪ್ಪು ನಂದೇ ಅಂತ. ನಮ್ಮವರೇ ಇವನನ್ನ ಹೊಡೆದು ಪಕ್ಷದಿಂದ ಹೊರಗೆ ಹಾಕಿದ್ರು," ಎಂದಳು ಒಬ್ಬ ಮುದುಕಿ.

ನರ್ಸ್ ಕಿವಿಗೆ ಅದೇನೂ ಬೀಳಲಿಲ್ಲ. "ಟೈಲರ್ ಅಜ್ಜ ಎಲ್ಲಿ?"

"ಮೊದಲು ಅಲ್ಲಿಗೇ ಹೋದೆ..." ಎಂದ ಅವನು. "ನಾನು ಹೋಗೋಕೆ ಒಂದು ಗಂಟೆ ಮುಂಚೆ ತೀರಿಕೊಂಡುಬಿಟ್ಟಿದ್ರು. ಪೋಸ್ಟರ್ ನಂದೇ ಅಂತ ಅವರ ಹೆಂಡತಿ ಅಜ್ಜಿಗೆ ಹೇಳೋಕಾಗದೆ ಬಂದೆ."

ಅವಳು ಮುಖ ತಿರುಗಿಸಿದಳು. "ಅಜ್ಜಿಗೆ ನಿಜ ಹೇಳೋವರೆಗೂ ನನ್ನ ಜೊತೆ ಮಾತಾಡಬೇಡಿ."

ಮೂರು ತಿಂಗಳು ಅವನು ಪ್ರತಿ ಸರದಿಗೂ ರೋಗಿಗಳನ್ನು ಕರೆತಂದ. ಒಂದು ಮಾತೂ ಆಡಲಿಲ್ಲ. ವ್ಯಾನ್ ತಡವಾದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಪ್ರೀತಿ ಹುಟ್ಟಿತ್ತು, ನಿಜ! ಆದರೆ ಅಜ್ಜನ ಸಾವು ನಡುವೆ ಕೂತಿತ್ತು.

ಒಂದು ಮಧ್ಯಾಹ್ನ ಅವನು ಅವಳೆದುರು ಬಂದು ನಿಂತ. ಕೆನ್ನೆ ಕೆಂಪಾಗಿತ್ತು.

"ಅಜ್ಜಿಗೆ ಹೇಳಿದೆ."

"ಏನಂದ್ರು?"

"ಹೊಡೆದ್ರು. ಬಾಗಿಲು ಹಾಕ್ಕೊಂಡ್ರು. ಕ್ಷಮಿಸಲಿಲ್ಲ."

"ನಾನೂ ಕ್ಷಮಿಸಿಲ್ಲ."

"ಗೊತ್ತು..."

ಅವಳ ಕಣ್ಣು ತುಂಬಿ ಬಂತು. "ಆದ್ರೂ ನೀವು ಬರದಿದ್ರೆ ಕೈಕಾಲೇ ಆಡಲ್ಲ ನನಗೆ. ಪ್ರೀತಿಸ್ತೀನಿ ರೀ... ಏನು ಮಾಡ್ಲಿ!"

ಅವನು ಅಲ್ಲೇ ಕುಸಿದು ಕೂತು ಬಿಕ್ಕಿದ. ಅವಳು ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು.

"ಭಾನುವಾರ ಇಬ್ಬರೂ ಅಜ್ಜಿ ಮನೆಗೆ ಹೋಗೋಣ."

"ಮತ್ತೆ ಹೊಡೀತಾರೆ."

"ಹೊಡೀಲಿ. ಪಕ್ಕದಲ್ಲಿ ನಾನಿರ್ತೀನಿ."