ಅಳಿಸಿದ ಬಾಯಿ

“ಇಲ್ಲಿ ರಬ್ಬರ್ ತೆಗೀಬೇಡಮ್ಮ. ತಪ್ಪಾದ್ರೆ ಪಕ್ಕದಲ್ಲೇ ಇನ್ನೊಂದು ಗೆರೆ ಎಳಿ. ಅಳಿಸ್ಬೇಡ.”

ಚಿತ್ರದ ಮಾಸ್ತರರು ಮೊದಲ ದಿನವೇ ಹೇಳಿದ್ದರು. ಗೋಡೆಯ ಮೇಲೆ ಶಿಷ್ಯರು ಬರೆದ ಮುಖಗಳು. ಒಂದಕ್ಕೆ ಮೂರು ಮೂಗು, ಇನ್ನೊಂದಕ್ಕೆ ಲೆಕ್ಕವಿಲ್ಲದಷ್ಟು ಗಲ್ಲ. ತಪ್ಪು ಗೆರೆಗಳೆಲ್ಲ ಸರಿ ಗೆರೆಯ ಜೊತೆಗೇ ಸಂಸಾರ ಹೂಡಿದ್ದವು. ಕಾರಣವನ್ನೂ ಮಾಸ್ತರರೇ ಹೇಳಿದರು. ಹಿಂದೆ ಈ ಕೋಣೆಯಲ್ಲಿದ್ದ ಕಲಾವಿದನೊಬ್ಬ ಬಡ ಹೆಂಗಸೊಬ್ಬಳನ್ನು ದಿನಗಟ್ಟಲೆ ಸ್ಟೂಲಿನ ಮೇಲೆ ಕೂರಿಸಿ, ಬರೆದು, ‘ಇದೂ ಒಂದು ಮುಖವೇ’ ಎಂದು ಹಂಗಿಸಿ ಅಳಿಸುತ್ತಿದ್ದನಂತೆ. ಕೊನೆಗೆ ಅವಳು ಅವನದೇ ಇದ್ದಿಲ ಪುಡಿಯನ್ನು ಉಗುಳಿನಲ್ಲಿ ಕಲಸಿ ಸ್ಟೂಲಿನ ಅಡಿಗೆ ಬಳಿದು, “ಇಲ್ಲಿ ಅಳಿಸಿದ್ದು ಅಳಿಸಿಯೇ ಹೋಗಲಿ” ಎಂದು ಶಾಪ ಹಾಕಿ ಹೋದಳಂತೆ.

ಚಿತ್ರ ಕಲಿಯಲು ಹೊಸದಾಗಿ ಸೇರಿದ್ದ, ಕಚೇರಿಯೊಂದರ ಗುಮಾಸ್ತೆ ಕಿಸಕ್ಕನೆ ನಕ್ಕಳು. “ಹಾಗಾದ್ರೆ ಮೊಡವೆ ಇರೋರೆಲ್ಲ ಇಲ್ಲಿಗೇ ಬರ್ಬೋದಲ್ಲ ಸಾರ್!”

ಮಾಸ್ತರರು ನಗಲಿಲ್ಲ.

ಎದುರಿಗೆ ಕೂತವರನ್ನು ನೋಡಿ ಬರೆಯುವುದೇ ಅಲ್ಲಿಯ ಪಾಠ. ಕೂರಲು ಯಾರೂ ಸಿಗದ ಒಂದು ಮಧ್ಯಾಹ್ನ ಅವಳು ತನ್ನ ಅಕ್ಕನನ್ನೇ ಎಳೆತಂದು ಆ ಹಳೆಯ ಸ್ಟೂಲಿನ ಮೇಲೆ ಕೂರಿಸಿದಳು. ತಾಯಿ ಹೋದ ಮೇಲೆ ಇವಳನ್ನು ಸಾಕಿ ಓದಿಸಿದ ಅಕ್ಕ. ಬೀದಿ ಬೀದಿಯಲ್ಲಿ ಕೂಗಿ ತರಕಾರಿ ಮಾರುವವಳು. ಆ ಗಂಟಲೇ ಇಬ್ಬರಿಗೂ ಅನ್ನ ಹಾಕಿತ್ತು. ಪರದೆ ಎಳೆದ ಕೋಣೆಯಲ್ಲಿ ಒಂದೇ ದೀಪ ಅವಳ ಅರ್ಧ ಮುಖಕ್ಕೆ ಬೆಳಕು, ಇನ್ನರ್ಧಕ್ಕೆ ಕತ್ತಲು ಹಂಚಿತ್ತು. ಇದ್ದಿಲಿನ ಒಣ ವಾಸನೆಗೆ ಅವಳ ಸೆರಗಿನ ಸೊಪ್ಪಿನ ವಾಸನೆ ಬೆರೆತಿತ್ತು.

ಹಣೆ ಬಂತು. ಕಣ್ಣು ಬಂತು. ಬಾಯಿ ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಅಕ್ಕ ಬಾಯಿ ಮುಚ್ಚಿದರೆ ತಾನೆ!

“ಬೇಗ ಮುಗ್ಸೇ. ಗಾಡಿ ಬಿಸಿಲಲ್ಲಿದೆ, ಸೊಪ್ಪೆಲ್ಲ ಬಾಡತ್ತೆ.”

“ಸ್ವಲ್ಪ ಸುಮ್ನಿರೇ ಅಕ್ಕ!”

ಮಾಸ್ತರರು ನೀರು ತರಲು ಹೊರಗೆ ಹೋಗಿದ್ದರು. ತಂಗಿ ಚೀಲದಿಂದ ರಬ್ಬರ್ ತೆಗೆದಳು. ರೇಗಿಕೊಂಡೇ ಬಾಯಿಯ ಗೆರೆಗಳನ್ನು ಗಸಗಸ ಉಜ್ಜಿ, ಪುಡಿಯನ್ನು ಊದಿದಳು.

“ನಿಂಗೇನು ಗೊತ್ತು, ಆ ಬಿಸ್...”

ಮಾತು ನಿಂತಿತು. ತಂಗಿ ತಲೆ ಎತ್ತಿದಳು.

ಮೂಗಿನ ಕೆಳಗೆ ಏನೂ ಇರಲಿಲ್ಲ. ಗಲ್ಲದವರೆಗೂ ನುಣ್ಣನೆಯ ಚರ್ಮ. ಅದು ಒಳಗಿನಿಂದ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಮೂಗಿನಿಂದ ಸಿಳ್ಳಿನಂಥ ಉಸಿರು, ಅದೂ ಸಾಲುತ್ತಿರಲಿಲ್ಲ. ಅಕ್ಕ ಉಗುರಿನಿಂದ ಮುಖ ಪರಚತೊಡಗಿದಳು.

ಬಾಗಿಲಲ್ಲಿ ಚೊಂಬು ಬಿದ್ದ ಸದ್ದಾಯಿತು. “ಅಳಿಸಿಬಿಟ್ಯಾ?” ಮಾಸ್ತರರು ಓಡಿಬಂದರು. “ಬರಿ! ಈಗಿಂದೀಗ್ಲೇ ಬರಿ! ಅವ್ರು ಸ್ಟೂಲಿಂದ ಏಳೋಕ್ಮುಂಚೆ!”

ಬರೆದಳು. ಚರ್ಮ ಅಲುಗಲಿಲ್ಲ. ಮತ್ತೆ ಬರೆದಳು. ಮೇಲ್ತುಟಿ ತೆಳುವೋ, ದಪ್ಪವೋ? ಮಾತಾಡುವಾಗ ಯಾವ ಕಡೆ ಓರೆಯಾಗುತ್ತಿತ್ತು? ಗೊತ್ತಿಲ್ಲ. ಆ ಬಾಯಿ ಊದಿ ತಣಿಸಿದ ತುತ್ತು ತಿಂದೇ ಬೆಳೆದವಳು, ಒಂದು ದಿನವಾದರೂ ಅದನ್ನು ನೆಟ್ಟಗೆ ನೋಡಿರಲಿಲ್ಲ.

“ನೋಡಿ ಬರೀಬೇಕಮ್ಮ! ನೆನಪಿಂದ ಬರೆದ್ರೆ ನಿಲ್ಲಲ್ಲ!”

ನೋಡಲು ಬಾಯಿಯೇ ಇಲ್ಲವಲ್ಲ! ಅಕ್ಕನ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಆಗ ಹೊಳೆಯಿತು. ಅಕ್ಕತಂಗಿಯರಿಬ್ಬರಿಗೂ ತಾಯಿಯದೇ ಬಾಯಿ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಗೋಡೆಯ ಕನ್ನಡಿಗೆ ಮುಖ ಕೊಟ್ಟು ತನ್ನ ತುಟಿ ನೋಡಿದಳು. ಎಳೆದಳು. ನೋಡಿದಳು. ಎಳೆದಳು. ಬಿಡಲಿಲ್ಲ.

ಹಸಿ ಬಟ್ಟೆ ಹರಿದಂಥ ಸದ್ದು.

ಚರ್ಮ ಸೀಳಿತು. ತುಟಿ ಮೂಡಿತು. ಅಕ್ಕ ಬಾಯ್ತುಂಬ ಉಸಿರೆಳೆದುಕೊಂಡಳು. ತಂಗಿ ಅವಳ ಮಡಿಲಿಗೆ ಬಿದ್ದು ಬಿಕ್ಕಿದಳು. “ತಪ್ಪಾಯ್ತು ಅಕ್ಕಾ, ತಪ್ಪಾಯ್ತು. ಮಾತಾಡೇ, ಏನಾದ್ರೂ ಮಾತಾಡೇ.”

ಅಕ್ಕ ಮಾತಾಡಿದಳು. ದನಿ ತಂಗಿಯದು.

“ಅಕ್ಕನಾ? ಅಯ್ಯೋ, ಯಾವ ಅಕ್ಕ? ನಮ್ಮನೆಗೆ ತರಕಾರಿ ಹಾಕೋಳು ಅವ್ಳು.”

ಅಕ್ಕ ಕಚೇರಿಗೆ ಊಟದ ಡಬ್ಬಿ ತಂದುಕೊಟ್ಟ ದಿನ, ಜೊತೆಯವರು ಕೇಳಿದ್ದಕ್ಕೆ ತಂಗಿ ನಗುತ್ತಾ ಹೇಳಿದ್ದ ಮಾತದು. ಅಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಹೋಗಿದ್ದಳು. ಅವಳಿಗೆ ಕೇಳಿರಲಿಲ್ಲ.

ಅಕ್ಕ ಬೆಚ್ಚಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಅದೇ ಮಾತು ಮತ್ತೆ ಬಂತು, ಮತ್ತೆ ಬಂತು, ಅದೇ ನಗುವಿನೊಂದಿಗೆ. ಅವಳ ಕಣ್ಣು ಮಾತ್ರ ಹಳೆಯ ಅಕ್ಕನದು. ಹೀಗಂದ್ಯಾ, ನಿಜವಾ ಎಂದು ಆ ಕಣ್ಣು ಕೇಳುತ್ತಿತ್ತು.

ತಂಗಿಗೆ ಅವಳ ಮುಖ ನೋಡಲಾಗಲಿಲ್ಲ.