ಸೊಸೆಯ ಕೈಯ ಹಲಗೆ

ಶಗುಫ್ತಾ ಅತ್ತೆಯ ಉಗುರು ಕತ್ತರಿಸುತ್ತಿದ್ದಳು. ಕತ್ತರಿಯ ಸಣ್ಣ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಜಮಖಾನ ನೇಯುವ ಕೈಗೆ ಉಗುರು ಇರಬಾರದು, ಎಳೆ ಸಿಕ್ಕಿಕೊಳ್ಳುತ್ತದೆ ಎಂದು ನವಲಗುಂದದ ಇಡೀ ಓಣಿಗೆ ಕೇಳುವಂತೆ ಬೈಯುತ್ತಿದ್ದವಳು ಈ ಅತ್ತೆ ಖಾಸಿಂಬಿಯೇ. ಅವಳ ಕೈಗಳೇ ಈಗ ಹಿಂಡಿಟ್ಟ ಬಟ್ಟೆಯಂತೆ ಮಂಚದ ಮೇಲೆ ಬಿದ್ದಿದ್ದವು. ನರಗಳು ಒಂದೊಂದಾಗಿ ಸೋಲುವ ರೋಗ. ಮೊದಲು ಕೈ, ಆಮೇಲೆ ಕಾಲು, ಕಡೆಗೆ ನಾಲಿಗೆ... ಹೇಳಿದ ಹಾಗೆ ಕೇಳುತ್ತಿದ್ದದ್ದು ಕಣ್ಣು ಮಾತ್ರ!

"ಭಾಬಿ, ಇವತ್ತರ ಅಮ್ಮನ್ನ ಕೇಳ್ತೀರೇನ್ರಿ?"

ಬಾಗಿಲಲ್ಲಿ ನಾದಿನಿ ನಾಜಮೀನ್ ನಿಂತಿದ್ದಳು. ಗಂಡ ಇನ್ನೊಂದು ಮದುವೆಯಾಗಿ ಅವಳನ್ನು ತವರಿಗೆ ಕಳಿಸಿಬಿಟ್ಟಿದ್ದ. ಅಂದಿನಿಂದ ಅವಳು ಹೀಗೆಯೇ, ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದಳು. ಖಾಸಿಂಬಿಯ ಮನೆಯಲ್ಲಿ ಮಗ್ಗದ ವಿದ್ಯೆ ಸೊಸೆಗೆ ಮಾತ್ರ. ಮಗಳು ಬೇರೆ ಮನೆಗೆ ಹೋಗುವವಳು, ಜಮಖಾನದಲ್ಲಿ ನವಿಲು ನೇಯುವ ಬಗೆಯನ್ನೂ ಜೊತೆಗೆ ಒಯ್ದುಬಿಡುತ್ತಾಳೆ ಎಂದು ಅವಳನ್ನು ಮಗ್ಗದ ಕೋಣೆಗೇ ಬಿಡುತ್ತಿರಲಿಲ್ಲ. ಈಗ ಆ ಮಗಳೇ ತಿರುಗಿ ಬಂದು, ನೇಯುವುದನ್ನು ಕಲಿತು ನನ್ನ ಕಾಲ ಮೇಲೆ ನಿಲ್ಲುತ್ತೇನೆ ಎನ್ನುತ್ತಿದ್ದಳು. ಅಣ್ಣ, ಶಗುಫ್ತಾಳ ಗಂಡ ಮುಸ್ತಫಾ, "ಅಮ್ಮ ಹೂಂ ಅಂದ್ರ ಕಲಿ. ಬ್ಯಾಡ ಅನ್ನಾಕ ನಾ ಯಾರು?" ಎಂದಿದ್ದ.

ಆದರೆ ಅಮ್ಮ ಹೂಂ ಎನ್ನುವುದು ಹೇಗೆ? ಹುಬ್ಬಳ್ಳಿಯ ಮಾತಿನ ಡಾಕ್ಟರಮ್ಮ ಅಕ್ಷರದ ಹಲಗೆ ಕೊಟ್ಟಿದ್ದರು. ಒಂದೊಂದೇ ಅಕ್ಷರ ತೋರಿಸುತ್ತ ಹೋಗಬೇಕು, ಬೇಕಾದದ್ದು ಬಂದಾಗ ರೋಗಿ ಕಣ್ಣು ಮುಚ್ಚಬೇಕು. ಖಾಸಿಂಬಿಗೆ ಓದು ಬಾರದು. ಶಗುಫ್ತಾ ಅಕ್ಷರದ ಹಾಳೆ ಕಿತ್ತು ಬಣ್ಣದ ದಾರದ ಕುಚ್ಚು ಕಟ್ಟಿದಳು. ಬಿಳಿ ಎಂದರೆ ನೀರು, ಕೆಂಪು ನೋವು, ನೀಲಿ ಮಗ್ಗುಲು ಬದಲಿಸಲು, ಹಸಿರು ಹೌದು, ಕಪ್ಪು ಬೇಡ. ಬಣ್ಣಗಳ ನಡುವೆಯೇ ಮುಪ್ಪಾದ ಕಣ್ಣು ಮೊದಲ ದಿನವೇ ಕಲಿತುಬಿಟ್ಟಿತು! "ಮನ್ಯಾಗ ಎಲ್ಲಾರೂ ಕಲೀರಿ, ಒಬ್ಬರ ಕೈಯಾಗ ಬಿಡಬ್ಯಾಡ್ರಿ" ಎಂದು ಡಾಕ್ಟರಮ್ಮ ಹೇಳಿದ್ದರು. ಯಾರೂ ಕಲಿಯಲಿಲ್ಲ. ದಾರ, ಬಣ್ಣ ಎಂದರೆ ಆ ಮನೆಯಲ್ಲಿ ಸೊಸೆಯ ಗುಟ್ಟು. ಉಳಿದವರು ಕೇಳುವ ರೂಢಿಯೇ ಇರಲಿಲ್ಲ. ಹೀಗೆ ಮಗ್ಗದಂತೆ ಅತ್ತೆಯ ಮಾತೂ ಶಗುಫ್ತಾಳ ಕೈಯಲ್ಲೇ ಉಳಿಯಿತು.

ಅಂದು ಸಂಜೆ ಮುಸ್ತಫಾ ಮಂಚದ ಬಳಿ ಕುಳಿತ. ಶಗುಫ್ತಾ ಹಲಗೆ ಹಿಡಿದಳು, ನಾಜಮೀನ್ ಎಂದಿನಂತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮಾ, ನಾಜಮೀನ್ ಮಗ್ಗಕ್ಕ ಕೂಡ್ತೀನಿ ಅಂತಾಳ್ರಿ. ಕಲಿಸ್ಬೇಕೇನ್ರಿ?"

ಬೆರಳು ಬಿಳಿ ದಾಟಿತು, ಕೆಂಪು ದಾಟಿತು... ಹಸಿರಿನ ಮೇಲೆ ಬಂದಾಗ ಖಾಸಿಂಬಿಯ ಕಣ್ಣು ಗಟ್ಟಿಯಾಗಿ ಮುಚ್ಚಿತು.

ಶಗುಫ್ತಾ ಹಲಗೆ ಕೆಳಗಿಟ್ಟಳು. "ನಿನ್ನ ಕೈಯಾಗಿರೂದು ಎಳಿ ಅಲ್ಲ, ಬಾವಿ ಹಗ್ಗ!" ಎಂದು ಅತ್ತೆಯಿಂದ ಬೈಸಿಕೊಂಡ ದಿನಗಳು, ಎಳೆ ಕೂರಿಸುವ ಕಬ್ಬಿಣದ ಪಂಜಾ ತಾಗಿ ಬೆರಳು ಒಡೆದ ದಿನಗಳು... ಎಲ್ಲವನ್ನೂ ನುಂಗಿಕೊಂಡು ಅವಳು ಗಳಿಸಿದ್ದು ಆ ಮಗ್ಗವೊಂದನ್ನೇ. ಈ ಮನೆಯಲ್ಲಿ ನನ್ನದು ಎನ್ನಲು ಅವಳಿಗೆ ಇನ್ನೇನಿತ್ತು?

"ಬ್ಯಾಡ ಅಂತಾರ" ಎಂದಳು.

ಖಾಸಿಂಬಿಯ ಗಂಟಲಿನಿಂದ ಗೊರಗೊರ ಸದ್ದು ಎದ್ದಿತು. "ನೋಡು, ಅಮ್ಮ ಸಿಟ್ಟಾದ್ಳು. ಇನ್ನ ಆ ಮಾತು ತೆಗೀಬ್ಯಾಡ" ಎಂದು ಮುಸ್ತಫಾ ತಂಗಿಗೆ ಹೇಳಿದ.

ಮರುದಿನದಿಂದ ಖಾಸಿಂಬಿ ಯಾವ ಬಣ್ಣಕ್ಕೂ ಕಣ್ಣು ಮುಚ್ಚಲಿಲ್ಲ. ಬಿಳಿಗೂ ಇಲ್ಲ, ನೀಲಿಗೂ ಇಲ್ಲ. ತೆರೆದ ಕಣ್ಣು ಮಾಡಿನ ಜಂತೆಯಲ್ಲಿ ನೆಟ್ಟಿರುತ್ತಿತ್ತು. ಬಾಯಿಗೆ ಹಾಕಿದ ಗಂಜಿ ಹೊರಗಿಳಿದು ದಿಂಬು ತೊಯ್ಯುತ್ತಿತ್ತು. ಶಗುಫ್ತಾಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ನೇಯ್ದದ್ದನ್ನೇ ಬಿಚ್ಚುತ್ತಿದ್ದಳು, ಮತ್ತೆ ನೇಯುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಮಂಚಕ್ಕೆ ಓಡುತ್ತಿದ್ದಳು, ಮಂಚದಿಂದ ಮಗ್ಗಕ್ಕೆ. ಹೇಳಿಬಿಡಲೇ? ಹೇಳಿದರೆ...

ಒಂದು ದಿನ ಅವಳು ನಳದ ನೀರಿಗೆ ಹೋದಾಗ ನಾಜಮೀನ್ ಹಲಗೆ ಎತ್ತಿಕೊಂಡಳು.

"ಅಮ್ಮಾ, ನನಗ ಈ ಬಣ್ಣ ಒಂದೂ ಗೊತ್ತಿಲ್ಲ. ಹೌದು ಅಂದ್ರ ಯಾವುದು? ಅದೊಂದು ತೋರ್ಸು."

ಹಸಿರು ಬಂದಾಗ ಕಣ್ಣು ಮುಚ್ಚಿತು.

"ಬ್ಯಾಡ ಅನ್ನೂದು?"

ಕಪ್ಪು.

ನಾಜಮೀನ್ ಹಲಗೆಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಅಂದು ಸಂಜೆ ಅಮ್ಮ ಕಣ್ಣು ಮುಚ್ಚಿದ್ದು ಹಸಿರಿಗೆ. ಅವಳೇ ನೋಡಿದ್ದಳು! "ನಾ ಮಗ್ಗಕ್ಕ ಕೂಡಲೇನಮ್ಮಾ?"

ಹಸಿರು... ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿಯಿತು.

"ಭಾಯಿ! ಬಾ ಇಲ್ಲಿ, ಲಗೂನ ಬಾ!"

ಅಂಗಳದಲ್ಲಿ ತನ್ನ ಬಾಡಿಗೆಯ ಟಂಟಂ ಗಾಡಿ ಒರೆಸುತ್ತಿದ್ದ ಮುಸ್ತಫಾ ಓಡಿಬಂದ. ತಂಗಿ ಹೌದು ಯಾವುದು, ಬೇಡ ಯಾವುದು ಎಂಬುದರಿಂದ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ಕೇಳಿದಳು, ತಾಯಿ ಮತ್ತೊಮ್ಮೆ ಹೇಳಿದಳು. ಕೊಡ ಹೊತ್ತು ಬಂದ ಶಗುಫ್ತಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅಮ್ಮನ ಬಾಯಿ ಹೋತು ಅಂತ ಆಕಿ ಬಾಯಾಗ ನಿನ್ನ ಮಾತು ಇಟ್ಟಿ ಏನು?" ಮುಸ್ತಫಾ ಗುಡುಗಿದ. "ನಡಿ! ಯಮನೂರಿಗೆ, ನಿಮ್ಮಪ್ಪನ ಮನಿಗೆ ಬಿಟ್ಟು ಬರ್ತೀನಿ!"

"ಬಿಡ್ರಿ, ಹೋಗ್ತೀನಿ." ಕೊಡ ಇಳಿಸುವಾಗ ಅರ್ಧ ನೀರು ಚೆಲ್ಲಿತು. "ಸುಳ್ಳು ಹೇಳೀನ್ರಿ, ಅಲ್ಲ ಅನ್ನೂದಿಲ್ಲ. ಆದ್ರ ಇಷ್ಟು ವರ್ಷ ಬೈಸ್ಕೊಂಡು ಕಲ್ತಾಕಿ ನಾನು. ಬೈಗಳು ಸೊಸಿಗೆ, ಮಗ್ಗ ಮಗಳಿಗೇನ್ರಿ?"

"ಭಾಬಿ, ನಿಮ್ಮ ಮಗ್ಗ ಕಸಗೊಳ್ಳಾಕ ಬಂದಿಲ್ಲ ನಾ" ಎಂದಳು ನಾಜಮೀನ್. ಆ ಮನೆಗೆ ಮರಳಿದ ಮೇಲೆ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅಂದೇ. "ನಿಮ್ಮ ಬಾಜು ಕೂಡ್ತೀನಿ ಅಂದೆ, ಅಷ್ಟ. ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ಲ?" ಆಮೇಲೆ ತಾಯಿಯತ್ತ ತಿರುಗಿದಳು. "ಅಮ್ಮಾ, ನೀನ ಹೇಳು. ಭಾಬಿನ್ನ ಕಳಸಬೇಕೇನು?"

ನಾಜಮೀನ್ ಬೆರಳು ಸರಿಸುತ್ತ ಹೋದಳು. ಹಸಿರಿನ ಮೇಲೆ ಕಣ್ಣು ತೆರೆದೇ ಇತ್ತು. ಕಪ್ಪು ಬಂದಾಗ ಮುಚ್ಚಿತು... ಬಹಳ ಹೊತ್ತು ಮುಚ್ಚಿಯೇ ಇತ್ತು. ಶಗುಫ್ತಾ ಮಂಚದ ಕಾಲು ಹಿಡಿದು ಕುಸಿದಳು. ಮುಸ್ತಫಾ ಹೊರಗೆ ಹೋದ.

ಖಾಸಿಂಬಿಯ ಕೈ ಸತ್ತಿದ್ದರಿಂದ ಕಲಿಸಬೇಕಾದವಳು ಶಗುಫ್ತಾಳೇ. ಅವಳೇ ಮಗ್ಗದ ಮುಂದೆ ಕೂರುವ ಹಲಗೆಯ ಮೇಲೆ ಸರಿದು ಜಾಗ ಬಿಟ್ಟಳು. "ಪಂಜಾ ಬಿಗೀ ಹೊಡಿ ಲೇ, ರೊಟ್ಟಿ ಬಡಿಯಾಕತ್ತೀ ಏನು?" ಎಂದು ಒಮ್ಮೆ ಬಾಯಿಂದ ಬಂದೇಬಿಟ್ಟಿತು. "ಅಗದಿ ಅಮ್ಮನ ಗತೆ ಅಂದ್ರಿ ಭಾಬಿ!" ಎಂದು ನಾಜಮೀನ್ ನಕ್ಕಳು. ಶಗುಫ್ತಾಳಿಗೂ ನಗು ಬಂತು, ಅದರ ಬೆನ್ನಿಗೇ ಅಳು.

ಬಣ್ಣಗಳನ್ನು ಈಗ ಮನೆಯವರೆಲ್ಲ ಕಲಿತಿದ್ದಾರೆ. ಖಾಸಿಂಬಿ ಮಗನ ಹತ್ತಿರ ನೀರು ಕೇಳುತ್ತಾಳೆ, ಮಗಳಿಗೆ ನೋವು ಹೇಳುತ್ತಾಳೆ. ಶಗುಫ್ತಾ ಹಲಗೆ ಹಿಡಿದರೆ ಮಾತ್ರ ಕಣ್ಣು ಜಂತೆಗೆ ಹೋಗುತ್ತದೆ.

ಒಂದು ಮಧ್ಯಾಹ್ನ ಮುಸ್ತಫಾ ಟಂಟಂ ಬಾಡಿಗೆಗೆ, ನಾಜಮೀನ್ ಸಂತೆಗೆ ಹೋಗಿದ್ದರು. ಅತ್ತೆಯ ತುಟಿ ಒಣಗಿ ಬಿರಿದಿತ್ತು. ಶಗುಫ್ತಾ ಚಮಚದಲ್ಲಿ ನೀರು ತಂದಳು. ಅತ್ತೆ ಕೇಳದೆ ಬಾಯಿಗೆ ಹಾಕಲು ಮನಸ್ಸು ಬರಲಿಲ್ಲ. ಹಲಗೆ ಎತ್ತಿ ಬೆರಳನ್ನು ಬಿಳಿಯ ಮೇಲೆ ಇಟ್ಟಳು, ತೆಗೆಯಲೇ ಇಲ್ಲ.

"ಅಮ್ಮಾ... ನೀರು ಬೇಕಂದ್ರ ನನಗೂ ಒಮ್ಮೆ ಹೇಳ್ರಿ."