ಹಸಿರು ಟೇಪಿನ ವ್ರೆಂಚು

ಮೂರು ಪೆಟ್ಟಿಗೆ ಸರಿಯಾಗಿದ್ದವು. ನಾಲ್ಕನೆಯದರ ಮುಚ್ಚಳ ತೆಗೆದ ಕೀಲಿ ಅಕ್ಕನ ಕೈ ಅಲ್ಲೇ ನಿಂತಿತು.

ಗುರುತು ನೂರಕ್ಕೆ ಇಳಿದಿತ್ತು!

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಅವಳೇ ನೋಡಿದ್ದಳು. ಆಗ ನಾಲ್ಕೂ ವ್ರೆಂಚುಗಳು ಆರುನೂರರಲ್ಲಿದ್ದವು. ಈಗ ಕೆಂಪು ಟೇಪಿನದು ಆರುನೂರು. ನೀಲಿಯದು, ಹಳದಿಯದು ಆರುನೂರು. ಹಸಿರಿನದು ಮಾತ್ರ ನೂರು. ಹಿಡಿಯ ಬುಡದ ಮುಚ್ಚಳದ ಸುತ್ತ ಹೊಸ ಗೀರು ಬೇರೆ.

ಅವಳು ಗುರುತನ್ನು ಆರುನೂರಕ್ಕೆ ಏರಿಸಿ, ವ್ರೆಂಚನ್ನು ಪರೀಕ್ಷೆಯ ಸ್ಟ್ಯಾಂಡಿಗೆ ಸಿಕ್ಕಿಸಿ ಎಳೆದಳು. ಟಿಕ್! ಸ್ಟ್ಯಾಂಡಿನ ಮುಳ್ಳು ನಾನೂರ ಎಂಬತ್ತರಲ್ಲಿ ನಿಂತಿತು. ಮತ್ತೆ ಎಳೆದಳು. ಮತ್ತೆ ನಾನೂರ ಎಂಬತ್ತು.

"ಯಾವನೋ ಕೈ ಹಾಕಿದ್ದಾನೆ" ಎಂದಳು, ಖಾಲಿ ಕೋಣೆಗೆ ಕೇಳಿಸುವಂತೆ.

ಗಡಿಯಾರದಲ್ಲಿ ಎಂಟೂ ಹತ್ತು. ಹನ್ನೊಂದಕ್ಕೆ ಯಜಮಾನರು ಬರುತ್ತಾರೆ.

*

ಇದು ಬಸ್ಸುಗಳ ರಿಪೇರಿ ಶೆಡ್ಡು. ನಲವತ್ತು ಮೆಕ್ಯಾನಿಕ್ಕುಗಳು, ಒಂದು ಟೂಲ್ ರೂಮು. ಅದನ್ನು ನೋಡಿಕೊಳ್ಳುವವಳ ಕೊರಳಲ್ಲಿ ಸದಾ ಕೀಲಿಗೊಂಚಲು. ಹಾಗಾಗಿ ಯಜಮಾನರಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ಅವಳು ಕೀಲಿ ಅಕ್ಕ. ಒಂದು ಸ್ಪಾನರ್ ಬೇಕಾದರೂ ಕಿಟಕಿಯ ಹೊರಗೆ ನಿಂತು, ನಿಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಿಯೇ ಒಯ್ಯಬೇಕು. ತಪ್ಪಿದರೆ ಅವಳ ಬಾಯಿಗೆ ಸಿಗುತ್ತೀರಿ. ಅದಕ್ಕಿಂತ ಹೆಬ್ಬೆರಳ ಮೇಲೆ ಸುತ್ತಿಗೆ ಬೀಳುವುದು ವಾಸಿ ಎಂದು ಶೆಡ್ಡಿನಲ್ಲಿ ಹೇಳುತ್ತಾರೆ.

ಯಜಮಾನರು ನಲವತ್ತು ಜನಕ್ಕೂ ಹೊಸ ಟೂಲ್ ಸೆಟ್ ಕೊಡಿಸಲು ಹೊರಟಿದ್ದರು. ನಾಲ್ಕು ಕಂಪನಿಗಳು ಮಾದರಿ ಕಳಿಸಿದ್ದವು. ಕೊಟ್ಟ ಬೆಲೆಗೆ ಯಾವುದು ಬಾಳುತ್ತದೆ? ಅದನ್ನು ಪರೀಕ್ಷೆ ಮಾಡಿ ಹೇಳುವ ಕೆಲಸ ಕೀಲಿ ಅಕ್ಕನ ಪಾಲಿಗೆ ಬಂತು. ಅವಳು ಕಂಪನಿಯ ಹೆಸರು ಕಾಣದಂತೆ ಬಣ್ಣದ ಟೇಪು ಸುತ್ತಿದಳು. ಯಾವ ಬಣ್ಣ ಯಾರದು ಎಂಬುದು ಅವಳಿಗೂ ಯಜಮಾನರಿಗೂ ಮಾತ್ರ ಗೊತ್ತು. ಗೆದ್ದವರ ಟೇಪು ಬಿಚ್ಚುವುದು, ಸೋತವರದು ಬಿಚ್ಚದೇ ವಾಪಸ್ ಕಳಿಸುವುದು. ಸೋತವರ ಮಾನ ಯಾಕೆ ಕಳೆಯಬೇಕು?

ಆಮೇಲೆ ಶುರುವಾಯಿತು ನೋಡಿ ಅಗ್ನಿಪರೀಕ್ಷೆ! ಹಳದಿಯ ಕ್ರೋಮು ಮೂರನೇ ದಿನಕ್ಕೇ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತು. ನೀಲಿ ಸ್ಪಾನರಿನ ಬಾಯಿ ಅಗಲವಾಗಿ ನಟ್ಟಿನ ಮೂಲೆಗಳನ್ನು ತಿಂದುಹಾಕಿತು. ಕೆಂಪು ಜಗ್ಗಲಿಲ್ಲ. ಜಗ್ಗಬಾರದು ಕೂಡ, ಅದು ವಿದೇಶದ ಮಾಲು, ಹಸಿರಿನ ಒಂಬತ್ತು ಪಟ್ಟು ಬೆಲೆ. ಆದರೆ ಹಸಿರೂ ಜಗ್ಗಲಿಲ್ಲ! ಕೀಲಿ ಅಕ್ಕನಿಗೆ ಆ ರಾತ್ರಿ ಖುಷಿಗೆ ನಿದ್ದೆಯೇ ಬರಲಿಲ್ಲ.

ಹಸಿರು ಎಂದರೆ ಕುಲುಮೆಯಮ್ಮನ ಮಾಲು. ರೈಲು ಹಳಿಯಾಚೆಯ ತಗಡಿನ ಶೆಡ್ಡಿನಲ್ಲಿ ಒಂಬತ್ತು ಜನರನ್ನು ಇಟ್ಟುಕೊಂಡು ಟೂಲ್ ಮಾಡಿಸುವ ಹೆಂಗಸು. "ಈ ಆರ್ಡರ್ ಸಿಕ್ಕರೆ ಕುಲುಮೆ ಉರಿಯುತ್ತೆ ಅಕ್ಕಾ, ಇಲ್ಲದಿದ್ದರೆ ಈ ತಿಂಗಳಿಗೇ ಆರುತ್ತೆ" ಎಂದು ಆಕೆ ನೇರವಾಗಿಯೇ ಹೇಳಿದ್ದಳು.

ಕೊನೆಯ ಪರೀಕ್ಷೆ ಟಾರ್ಕ್ ವ್ರೆಂಚಿನದು. ಬಸ್ಸಿನ ಚಕ್ರದ ನಟ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಹಿಡಿಯ ಮೇಲಿನ ಗುರುತನ್ನು ತಿರುಗಿಸಿ ನಿಲ್ಲಿಸುತ್ತಾರೆ. ಅಷ್ಟು ಬಿಗಿಯಾದ ಕೂಡಲೇ ವ್ರೆಂಚು ಟಿಕ್ ಎನ್ನುತ್ತದೆ. ಕೆಲಸವಾದ ಮೇಲೆ ಗುರುತನ್ನು ತೀರಾ ಕೆಳಕ್ಕೆ ಇಳಿಸಿಡಬೇಕು. ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ಸೋಲುತ್ತದೆ. ಕೀಲಿ ಅಕ್ಕ ಬೇಕೆಂದೇ ಉಲ್ಟಾ ಮಾಡಿದಳು. ನಾಲ್ಕನ್ನೂ ಆರುನೂರಕ್ಕೆ ಏರಿಸಿ ಹತ್ತು ದಿನ ಹಾಗೇ ಬಿಟ್ಟಳು. ಯಾರ ಸ್ಪ್ರಿಂಗು ಗಟ್ಟಿ ಎಂದು ನೋಡಿಯೇ ಬಿಡೋಣ! ಮೆಕ್ಯಾನಿಕ್ಕುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಪೆಟ್ಟಿಗೆ ಮುಟ್ಟಬೇಡಿ, ಗುರುತು ಇಳಿಸಬೇಡಿ ಎಂದು ಬಾಯಲ್ಲೇ ಹೇಳಿದ್ದಳು. ಬೋರ್ಡು ಬರೆಯಲಿಲ್ಲ.

ಇವತ್ತು ಹತ್ತನೇ ದಿನ.

*

ನಿನ್ನೆ ಟೂಲ್ ರೂಮಿನ ಬಾಗಿಲು ತೆರೆದಿಟ್ಟು ಅವಳು ಹೊರಗೆ ಹೋಗಿದ್ದು ಒಂದೇ ಸಲ. ಮಧ್ಯಾಹ್ನ ಗೇಟಿಗೆ ಗ್ರೀಸ್ ಡಬ್ಬಿಗಳು ಬಂದಾಗ, ಕಾಲು ಗಂಟೆ. ಕಾವಲಿಗೆ ದೊಡ್ಡ ಮೇಸ್ತ್ರಿಯನ್ನು ಕೂರಿಸಿದ್ದಳು. ಮೂವತ್ತು ವರ್ಷದ ಅನುಭವ, ಒಂದನೇ ನಂಬರಿನ ಬಿಲ್ಲೆ. ಶೆಡ್ಡಿನ ಅರ್ಧ ಜನ ಸ್ಪಾನರ್ ಹಿಡಿಯಲು ಕಲಿತದ್ದು ಅವರಿಂದ. ಕೀಲಿ ಅಕ್ಕನೂ ಅಷ್ಟೇ. ಮೊಮ್ಮಗನನ್ನು ನೋಡಲು ಮಗಳ ಊರಿಗೆ ಹೋಗಿದ್ದವರು ಮೂರು ದಿನದ ಹಿಂದಷ್ಟೇ ಮರಳಿದ್ದರು. ಹೋಗುವ ಮುಂಚೆ ಎಲ್ಲರೆದುರು ಕಣ್ಣು ಮುಚ್ಚಿ ನಟ್ಟು ತಿರುಗಿಸುವ ನಾಲ್ಕೂ ರ್‍ಯಾಚೆಟ್ ಹಿಡಿದು, ತಮ್ಮ ಮೆಚ್ಚಿನ ವಿದೇಶದ ಕಂಪನಿಯದು ಯಾವುದೆಂದು ಚೀಟಿ ಬರೆದು ಯಜಮಾನರಿಗೆ ಕೊಟ್ಟಿದ್ದರು; ಬೇರೆ ಕಂಪನಿ ಗೆದ್ದರೆ ಮಾತ್ರ ಅದನ್ನು ಎಲ್ಲರೆದುರು ಓದಬೇಕೆಂದು ಪಂದ್ಯ.

ಅವಳು ಅವರ ಬಳಿಗೇ ಓಡಿದಳು. ಮೇಸ್ತ್ರಿ ಬಸ್ಸಿನ ಕೆಳಗಿನಿಂದ ಹೊರಬಂದರು.

"ಹಸಿರು ವ್ರೆಂಚು ತಪ್ಪು ತೋರಿಸ್ತಿದೆ ಮೇಸ್ತ್ರಿಗಳೇ." ಗುರುತಿನ ವಿಷಯ ಮಾತ್ರ ಅವಳು ಬಾಯಿ ಬಿಡಲಿಲ್ಲ. ಯಾರಿಗೂ ಬಿಡಬಾರದೆಂದು ಮೊದಲೇ ತೀರ್ಮಾನಿಸಿದ್ದಳು. "ನಿನ್ನೆ ನೀವು ಕೂತಾಗ ಯಾರು ಒಳಗೆ ಬಂದ್ರು?"

"ಇಬ್ಬರು. ವಿದೇಶದ ಕಂಪನಿಯ ಏಜೆಂಟ್ ಬಂದಿದ್ದ, ನಾವೆಲ್ಲ ಸೂಟ್‌ಕೇಸು ಅಂತೀವಲ್ಲ, ಅವನು. ಆಮೇಲೆ ಯಜಮಾನರ ಅಳಿಯಂದಿರು, ಏನೋ ಫೋಟೋ ತೆಗೆದುಕೊಂಡು ಹೋದ್ರು."

"ನೀವು ಎದ್ದು ಹೋಗಿದ್ರಾ?"

"ನೀರು ಕುಡಿಯೋಕೆ ಎರಡು ನಿಮಿಷ. ಸೂಟ್‌ಕೇಸು ಒಳಗೇ ಇದ್ದ." ಮೇಸ್ತ್ರಿ ಕೈ ಒರೆಸಿಕೊಂಡರು. "ಅಗ್ಗದ ಮಾಲಮ್ಮಾ. ತಾನೇ ಸೋತಿರುತ್ತೆ. ಸುಮ್ಮನೆ ಯಾಕೆ ತಲೆ ಕೆಡಿಸಿಕೊಳ್ತೀಯ?"

*

ಸೂಟ್‌ಕೇಸು ಗೇಟಿನ ಬಳಿಯೇ ಸಿಕ್ಕ. ಬೆಳಿಗ್ಗೆಯೇ ಬಂದು, ಗೆದ್ದವನ ನಗೆ ಹೊತ್ತು ಕಾಯುತ್ತಿದ್ದ. ಅಂಗಿಯ ಜೇಬಿನಲ್ಲಿ ಸಣ್ಣದೊಂದು ತಿರುಪುಳಿ ಇಣುಕುತ್ತಿತ್ತು. ವ್ರೆಂಚಿನ ಬುಡದ ಮುಚ್ಚಳದೊಳಗೆ ಅಳತೆ ಕೂರಿಸುವ ತಿರುಪಿಗೆ ಸರಿಹೋಗುವ ಗಾತ್ರ!

"ಇದೇನು?"

"ಕನ್ನಡಕದ್ದು ಮೇಡಂ. ಕಾಲು ಸಡಿಲ. ದಿನಕ್ಕೆ ಮೂರು ಸಲ ಬಿಗೀತೀನಿ."

"ಒಳಗೆ ಒಬ್ಬನೇ ಏನು ಮಾಡ್ತಿದ್ದೆ?"

"ಕ್ಯಾಟಲಾಗ್ ಇಟ್ಟೆ. ಒಬ್ಬನೇ ಎಲ್ಲಿ? ಮೇಸ್ತ್ರಿಗಳು ಅಲ್ಲೇ ಇದ್ರಲ್ಲ. 'ಇಟ್ಟಾಯ್ತಲ್ಲ, ನಡಿ' ಅಂತ ಅವರೇ ಕಳಿಸಿದ್ರು."

ಒಬ್ಬರು ಏತಿ ಎಂದರೆ ಇನ್ನೊಬ್ಬರು ಪ್ರೇತಿ. ಸುಳ್ಳು ಯಾರದು? ಮಾರಾಟಗಾರನ ಮಾತನ್ನು ಯಾರು ನಂಬುತ್ತಾರೆ? ಕೀಲಿ ಅಕ್ಕ ನಂಬಲಿಲ್ಲ.

ಯಜಮಾನರ ಅಳಿಯ ಆಫೀಸಿನಲ್ಲಿದ್ದರು. ಖರೀದಿ ವಿಭಾಗ ಅವರದು. ಬಿಳಿ ಅಂಗಿ, ಕಲೆಯಿಲ್ಲದ ಕೈ. ಅವಳನ್ನು ಕಂಡದ್ದೇ ಫೋನನ್ನು ಮೇಜಿನ ಕೆಳಗೆ ಸರಿಸಿದರು.

"ತೋರಿಸಿ ಸಾರ್."

"ಏನಿಲ್ಲಾರೀ..."

"ನಿನ್ನೆ ಟೂಲ್ ರೂಮಲ್ಲಿ ಫೋಟೋ ತೆಗೆದಿದ್ದೀರಿ. ತೋರಿಸಿ."

ತೋರಿಸಿದರು. ಒಂದರ ಹಿಂದೊಂದು ಫೋಟೋ. ಪ್ರತಿಯೊಂದರ ಕೆಳಗೂ ಬರಹ: "ಇದು ರಿಂಗ್ ಸ್ಪಾನರ್." "ಇದು ಸಾಕೆಟ್." "ಇದು ಏನೋ ಗೊತ್ತಿಲ್ಲ, ಕೇಳಬೇಕು."

ಅಳಿಯನ ಮುಖ ಕೆಂಪಾಯಿತು. "ಮಾವನವರು ಎಲ್ಲರ ಎದುರೂ ಹೆಸರು ಕೇಳ್ತಾರೆ. ಮನೇಲಿ ಓದ್ಕೋತೀನಿ. ದಯವಿಟ್ಟು ಯಾರಿಗೂ ಹೇಳಬೇಡಿ."

ಕೀಲಿ ಅಕ್ಕ ನಗು ತಡೆದುಕೊಂಡು ಹೊರಬಂದಳು. ಮರುಕ್ಷಣವೇ ನಗು ಆರಿತು. ಹೊರಗಿನ ಬೆಂಚಿನಲ್ಲಿ ಕುಲುಮೆಯಮ್ಮ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ನಿನ್ನೆ ಗ್ರೀಸ್ ಡಬ್ಬಿಗಳು ಬರುವ ಮುಂಚೆಯೂ ತಡೆಯಲಾರದೆ ಬಂದು ಹೋಗಿದ್ದಳು.

"ಅಕ್ಕಾ, ಏನಾದ್ರೂ ತೊಂದರೇನಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸ್ವಲ್ಪ. ನಿನ್ನೆ ಇಲ್ಲಿ ಯಾರಾದ್ರೂ ನಿಮ್ಮ ಹತ್ರ ಮಾತಾಡಿದ್ರಾ ಅಮ್ಮಾ?"

"ನಿಮ್ಮ ದೊಡ್ಡ ಮೇಸ್ತ್ರಿಗಳು. ಏನು ಮಾಡ್ತೀರಿ ಅಂತ ಕೇಳಿದ್ರು. ಚೀಲದಿಂದ ಈ ರ್‍ಯಾಚೆಟ್ ಕೊಟ್ಟೆ. ಕಣ್ಣು ಮುಚ್ಚಿ ಹಿಡಿಯ ಗೆರೆ ಮೇಲೆ ಬೆರಳಾಡಿಸಿದ್ರು. ಆಮೇಲೆ ಒಂದು ಮಾತೂ ಆಡದೆ ವಾಪಸ್ ಕೊಟ್ಟು ಹೋಗಿಬಿಟ್ರು. ಚೆನ್ನಾಗಿಲ್ವೇನೋ ಅಂತ ನನಗೆ ಭಯ ಆಯ್ತು."

ಕಣ್ಣು ಮುಚ್ಚಿ?

ಕೀಲಿ ಅಕ್ಕ ನಿಂತಲ್ಲೇ ನಿಂತಳು. ಹಸಿರು ಅಗ್ಗದ ಮಾಲೆಂದು ಮೇಸ್ತ್ರಿಗೆ ಹೇಳಿದವರಾದರೂ ಯಾರು? ಅವರಾಗದಿರಲಿ ಎಂದು ಅವಳು ನಿಜವಾಗಿಯೂ ಬೇಡಿಕೊಂಡಳು.

*

ಹನ್ನೊಂದು ಗಂಟೆ. ಟೂಲ್ ರೂಮಿನ ಒಳಗೆ ಯಜಮಾನರು, ಅಳಿಯ, ಸೂಟ್‌ಕೇಸು, ಮೇಸ್ತ್ರಿ. ಕಿಟಕಿಯಾಚೆ ಮೂವತ್ತೊಂಬತ್ತು ತಲೆ, ಅವುಗಳ ನಡುವೆ ಕುಲುಮೆಯಮ್ಮ.

"ಅಗ್ಗದ ಸ್ಪ್ರಿಂಗು, ಸೋತಿದೆ" ಎಂದರು ಯಜಮಾನರು, ನಾನೂರ ಎಂಬತ್ತಕ್ಕೆ ನಿಂತ ಮುಳ್ಳು ನೋಡಿ. "ಹಸಿರನ್ನ ಬದಿಗಿಡಿ. ಮುಂದೆ?"

"ಹತ್ತು ನಿಮಿಷ ಕೊಡಿ ಯಜಮಾನ್ರೇ. ಕಳ್ಳನ್ನ ತೋರಿಸದಿದ್ರೆ ನನ್ನ ಕೀಲಿಗೊಂಚಲು ನಿಮ್ಮ ಕೈಗೆ."

ಗುಜುಗುಜು ಎದ್ದಿತು. ಅವಳು ಶೆಡ್ಡಿನ ಹಳೇ ಟಾರ್ಕ್ ವ್ರೆಂಚನ್ನು ನಾನೂರಕ್ಕೆ ಏರಿಸಿ ಮೇಜಿನ ಮೇಲಿಟ್ಟಳು.

"ನಿನ್ನೆ ಒಳಗೆ ಬಂದ ಮೂವರೂ ಇದರಲ್ಲಿ ಒಂದೊಂದು ನಟ್ಟು ಬಿಗಿದು ವಾಪಸ್ ಇಡಿ. ಅಷ್ಟೇ."

ಸೂಟ್‌ಕೇಸು ಬಿಗಿದ. ಟಿಕ್. ನಾನೂರರಲ್ಲೇ ಇಟ್ಟ. ಅಳಿಯ ಉಲ್ಟಾ ತಿರುಗಿಸಿ, ನಟ್ಟನ್ನೇ ಬಿಚ್ಚಿ ಕೈಗೆ ತೆಗೆದುಕೊಂಡರು. ಕಿಟಕಿಯಲ್ಲಿ ನಗೆ ಸಿಡಿಯಿತು.

ಮೇಸ್ತ್ರಿಯ ಸರದಿ. ಒಂದೇ ಎಳೆತ. ಟಿಕ್.

"ಇದರಿಂದ ಏನು ಗೊತ್ತಾಗುತ್ತಮ್ಮಾ?" ಮೇಸ್ತ್ರಿ ಅವಳ ಕಡೆ ತಿರುಗಿ ಮಾತಾಡುತ್ತಿದ್ದರು. "ಏಜೆಂಟಿನ ಜೇಬಲ್ಲಿ ತಿರುಪುಳಿ ಇದೆ, ಎಲ್ಲರೂ ನೋಡಿದ್ದಾರೆ. ಅವನನ್ನ..."

ಮಾತು ನಿಂತಿತು. ಕೋಣೆಯಲ್ಲಿ ಯಾರೂ ಅವರ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವರ ಕೈಯ ಮೇಲಿತ್ತು. ಬಾಯಿ ಮಾತಾಡುತ್ತಿರುವಾಗಲೇ ಬಲಗೈ ತನ್ನಷ್ಟಕ್ಕೆ ಹಿಡಿಯನ್ನು ತಿರುಗಿಸಿ, ಗುರುತನ್ನು ನಾನೂರರಿಂದ ತೀರಾ ಕೆಳಕ್ಕೆ ಇಳಿಸಿತ್ತು.

"ಹಸಿರು ಪೆಟ್ಟಿಗೇಲೂ ಹೀಗೇ ಆಗಿತ್ತು ಮೇಸ್ತ್ರಿಗಳೇ" ಎಂದಳು ಕೀಲಿ ಅಕ್ಕ. "ಗುರುತು ನೂರಕ್ಕೆ ಇಳಿದಿತ್ತು. ನಾನು ಯಾರಿಗೂ ಹೇಳಿರಲಿಲ್ಲ."

"ಇಳಿಸಿದ್ರೇನು?" ಯಜಮಾನರು ಹುಬ್ಬು ಗಂಟಿಕ್ಕಿದರು. "ಮೆಕ್ಯಾನಿಕ್ಕುಗಳೆಲ್ಲ ಇಳಿಸ್ತಾರೆ."

"ಹೌದು. ಈ ಏಜೆಂಟಿಗೆ ಆ ಅಭ್ಯಾಸ ಇಲ್ಲ. ಅಳಿಯಂದಿರಿಗಂತೂ..." ಅವಳು ಮಾತು ನುಂಗಿದಳು. "ಹೊರಗಿರೋ ಮೂವತ್ತೊಂಬತ್ತು ಜನಕ್ಕೂ ಆ ಅಭ್ಯಾಸ ಇದೆ. ಆದರೆ ಈ ಹತ್ತು ದಿನ ಇಳಿಸಬಾರದು ಅಂತ ಅವರಿಗೆಲ್ಲ ನಾನೇ ಹೇಳಿದ್ದೆ. ಕೇಳಿಸಿಕೊಳ್ಳದವರು ಒಬ್ಬರೇ. ಆ ದಿನ ಅವರು ಮೊಮ್ಮಗನನ್ನ ನೋಡೋಕೆ ಹೋಗಿದ್ರು. ಹಸಿರು ಪೆಟ್ಟಿಗೆ ಒಂದನ್ನೇ ತೆಗೆದ್ರು. ಉಳಿದವೂ ಆರುನೂರಲ್ಲಿವೆ ಅಂತ ಅವರಿಗೆ ಗೊತ್ತಾಗಲೇ ಇಲ್ಲ. ತಿರುಪು ತಿರುಗಿಸಿದ್ರು, ಎಳೆದು ನೋಡಿದ್ರು, ಸ್ಪ್ರಿಂಗು ಸೋಲಬಾರದಲ್ಲ ಅಂತ ಇಳಿಸಿಟ್ರು. ಕೆಡಿಸೋ ಟೂಲನ್ನೂ ಜೋಪಾನ ಮಾಡಿಟ್ರು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಆದರೆ ಯಾಕೆ?" ಎಂದರು ಯಜಮಾನರು.

"ಊರಿಗೆ ಹೋಗೋ ಮುಂಚೆ ಎಲ್ಲರೆದುರು ನಾಲ್ಕು ರ್‍ಯಾಚೆಟ್ಟನ್ನೂ ಕಣ್ಣು ಮುಚ್ಚಿ ಹಿಡಿದು, ಯಾವುದು ವಿದೇಶದ ಕಂಪನಿಯದು ಅಂತ ಚೀಟಿ ಬರೆದು ಕೊಟ್ಟಿದ್ರಲ್ಲ. ಅದು ನಿಮ್ಮ ಹತ್ರ ಇದೆ. ತೆಗೀರಿ."

ಯಜಮಾನರು ಜೇಬಿನಿಂದ ಮಡಚಿದ ಚೀಟಿ ತೆಗೆದರು. ಜೋರಾಗಿ ಓದಿದರು. "'ಇದೇ ನನ್ನ ಕಂಪನಿ. ಕತ್ತಲಲ್ಲೂ ಗುರುತು ಹಿಡಿಯುತ್ತೇನೆ. ಹಸಿರು ಟೇಪಿನದು.'"

ಕಿಟಕಿಯಾಚೆ ಕುಲುಮೆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದರು. "ಮೂವತ್ತು ವರ್ಷ ಹೇಳಿದೆ" ಎಂದರು. "ಅಗ್ಗದ್ದು ಮುಟ್ಟಬೇಡಿ, ಅಗ್ಗದ್ದು ಮುಟ್ಟಬೇಡಿ ಅಂತ. ನಿನ್ನೆ ಆಕೆಯ ಚೀಲದಲ್ಲಿದ್ದದ್ದನ್ನ ಹಿಡಿದ ಕೂಡಲೇ ಗೊತ್ತಾಯ್ತು, ನಾನು ಬರೆದ ಹಸಿರು ಆಕೆಯದು ಅಂತ. ಹಸಿರು ಗೆದ್ದರೆ ಟೇಪು ಬಿಚ್ತಾರೆ, ಚೀಟಿ ಓದ್ತಾರೆ. ಸೋತರೆ ಟೇಪೂ ಬಿಚ್ಚೋದಿಲ್ಲ, ವಿದೇಶದ್ದೇ ಗೆದ್ದು ಚೀಟಿಯೂ ಓದೋದಿಲ್ಲ. ನಲವತ್ತು ಜನ ನಗ್ತಾರಲ್ಲಮ್ಮಾ..."

"ನಗೋದಿರಲಿ. ಆಕೆಯ ಒಂಬತ್ತು ಜನ?" ಎಂದಳು ಕೀಲಿ ಅಕ್ಕ.

ಮೇಸ್ತ್ರಿ ಕಿಟಕಿಯಾಚೆಯ ಕುಲುಮೆಯಮ್ಮನ ಕಡೆ ನೋಡಿ ತಲೆ ತಗ್ಗಿಸಿದರು.

"ಎಷ್ಟು ತಿರುಗಿಸಿದ್ರಿ?"

"ಒಂದೂವರೆ ಸುತ್ತು."

"ವಾಪಸ್ ತಿರುಗಿಸಿ."

ಮೇಸ್ತ್ರಿ ಬುಡದ ಮುಚ್ಚಳ ಬಿಚ್ಚಿ ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿದರು. ಕೀಲಿ ಅಕ್ಕ ಮೊದಲು ಉಳಿದ ಮೂರನ್ನು ಎಳೆದಳು. ಹಳದಿ, ಐನೂರ ನಲವತ್ತು. ನೀಲಿ, ಐನೂರ ಎಪ್ಪತ್ತು. ಕೆಂಪು, ಐನೂರ ತೊಂಬತ್ತೆಂಟು. ಸೂಟ್‌ಕೇಸು ಎದೆಯುಬ್ಬಿಸಿದ.

ಹಸಿರು ಸ್ಟ್ಯಾಂಡಿಗೆ ಏರಿತು. ಅವಳು ಎರಡೂ ಕೈಯಿಂದ ಎಳೆದಳು. ಮುಳ್ಳು ನಾನೂರ ಎಂಬತ್ತು ದಾಟಿತು. ಐನೂರು. ಐನೂರ ಐವತ್ತು. ಇನ್ನೂ ಏರುತ್ತಿದೆ!

ಟಿಕ್!

"ಐನೂರ ತೊಂಬತ್ತನಾಲ್ಕು!" ಅಳಿಯ ಕುಣಿದೇಬಿಟ್ಟರು. "ಇದು ಟಾರ್ಕ್ ವ್ರೆಂಚು ಮಾವ!"

"ಕೆಂಪಿಗಿಂತ ನಾಲ್ಕು ಕಡಿಮೆ" ಎಂದಳು ಕೀಲಿ ಅಕ್ಕ. "ಬೆಲೆ ಒಂಬತ್ತರಲ್ಲೊಂದು ಪಾಲು. ಕೆಂಪು ಕೆಟ್ಟದ್ದಲ್ಲ ಯಜಮಾನ್ರೇ. ಆದರೆ ಆ ನಾಲ್ಕಕ್ಕೆ ಅಷ್ಟು ಕೊಡಬೇಕಾ?"

ಯಜಮಾನರು ಹಸಿರು ಟೇಪಿನ ತುದಿ ಹಿಡಿದು ಸರ್‍ರನೆ ಎಳೆದರು. ಶೆಡ್ಡಿನಲ್ಲಿ ಕೇಕೆ ಎದ್ದಿತು. ಕುಲುಮೆಯಮ್ಮ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಗದ್ದಲ ತಗ್ಗಿದಾಗ ಮೇಸ್ತ್ರಿ ಎದ್ದು ಒಂದನೇ ನಂಬರಿನ ಬಿಲ್ಲೆಯನ್ನು ಮೇಜಿನ ಮೇಲಿಟ್ಟರು. ಯಜಮಾನರು ಅದನ್ನು ತೆಗೆದುಕೊಂಡು ಜೇಬಿಗೆ ಹಾಕಿದರು. "ನಾಳೆಯಿಂದ ಬರಬೇಡಿ" ಎಂದಷ್ಟೇ ಹೇಳಿದರು.

"ಒಂದು ನಿಮಿಷ." ಕುಲುಮೆಯಮ್ಮ ಕಿಟಕಿಗೆ ಬಂದಿದ್ದಳು. ಕಣ್ಣು ಇನ್ನೂ ಒದ್ದೆ, ದನಿ ಮಾತ್ರ ಖಡಕ್ಕು. "ಆ ಬುಡದ ಮುಚ್ಚಳ ಬಿಚ್ಚೋಕೆ ನಿನ್ನೆ ಎಷ್ಟು ಹೊತ್ತು ಹಿಡೀತು?"

"ಎರಡು ನಿಮಿಷ" ಎಂದರು ಮೇಸ್ತ್ರಿ, ತಲೆ ಎತ್ತದೆ.

"ಅಷ್ಟು ಸುಲಭಾನಾ? ನಾಳೆ ಇನ್ನೊಬ್ಬ ಬಿಚ್ತಾನೆ. ಬಸ್ಸಿನ ಚಕ್ರ ಕಳಚುತ್ತೆ, ನನ್ನ ಹೆಸರು ಹೋಗುತ್ತೆ." ಆಕೆ ಚೀಲ ಹೆಗಲಿಗೇರಿಸಿದಳು. "ಬೆಳಿಗ್ಗೆ ಏಳಕ್ಕೆ ಕುಲುಮೆಗೆ ಬನ್ನಿ. ಯಾರೂ ಬಿಚ್ಚೋಕಾಗದ ಮುಚ್ಚಳ ಹೇಗೆ ಮಾಡೋದು ಅಂತ ತೋರಿಸಿ. ನೀವು ಮಾಡಿದ್ದನ್ನ ನಾನು ಮರೆಯೋದಿಲ್ಲ. ಆದರೆ ಕಣ್ಣು ಮುಚ್ಚಿ ನನ್ನ ಮಾಲನ್ನ ಒಳ್ಳೇದು ಅಂತ ಹೇಳಿದ ಮೊದಲ ಕೈ ಅದು."

ಮೇಸ್ತ್ರಿ ಆಕೆಗೆ ಕೈಮುಗಿದರು. ಸ್ಟ್ಯಾಂಡಿನಿಂದ ಹಸಿರು ವ್ರೆಂಚನ್ನು ಬಿಡಿಸಿ, ಚಿಂದಿಯಿಂದ ಒರೆಸಿ, ಪೆಟ್ಟಿಗೆಯಲ್ಲಿಡಲು ಹೋದರು. ಹಿಡಿಯ ಮೇಲೆ ಕೈ ಅರ್ಧಕ್ಕೇ ನಿಂತಿತು. ಅವರು ಕೀಲಿ ಅಕ್ಕನ ಮುಖ ನೋಡಿದರು.

"ಇಳಿಸಿ ಮೇಸ್ತ್ರಿಗಳೇ" ಎಂದಳು ಅವಳು. "ಪರೀಕ್ಷೆ ಮುಗೀತು."